ಅಡುಗೆಯವರಿಂದ ಮುಖ್ಯ ಶಿಕ್ಷಕರವರೆಗೆ: ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದೆಯೆಂಬ ಅನುಮಾನ ಬಂದಾಗ ಏನು ಮಾಡಬೇಕೆಂದು ಶಾಲಾ ಸಿಬ್ಬಂದಿಗೆ ಕಲಿಸುವುದು ಹೇಗೆ?

ಪ್ರಶ್ನೆ: ಮುಖ್ಯ ಶಿಕ್ಷಕಿ, ದಾವಣಗೆರೆ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಹಳ್ಳಿಯ ಒಂದು ಅನುದಾನಿತ ಪ್ರೌಢಶಾಲೆಯ ಮುಖ್ಯ ಶಿಕ್ಷಕಿ. ಶಿಕ್ಷಕರು, ಗುಮಾಸ್ತರು, ಜವಾನರು, ಬಿಸಿಯೂಟದ ಅಡುಗೆಯವರು, ವ್ಯಾನ್ ಚಾಲಕರು ಎಲ್ಲ ಸೇರಿ ನಮ್ಮಲ್ಲಿ 23 ಜನ ಇದ್ದಾರೆ. ಮಕ್ಕಳ ಮೇಲಿನ ದೌರ್ಜನ್ಯವನ್ನು ಗುರುತಿಸುವ ಮತ್ತು ವರದಿ ಮಾಡುವ ಬಗ್ಗೆ ಇವರೆಲ್ಲರಿಗೂ ಈ ವರ್ಷ ಸರಿಯಾದ ತರಬೇತಿ ಕೊಡಿಸಬೇಕೆಂದಿದ್ದೇನೆ. ಕಳೆದ ವರ್ಷವೂ ಒಂದು ಕಾರ್ಯಕ್ರಮ ನಡೆದಿತ್ತು. ಅತಿಥಿಗಳು ಒಂದೂವರೆ ಗಂಟೆ ಪೋಕ್ಸೋ ಕಾಯ್ದೆಯ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) ಕಲಂಗಳನ್ನು ವಿವರಿಸಿದರು, ನಾವು ಫೋಟೊ ತೆಗೆಸಿಕೊಂಡೆವು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿದೆವು.

ಅದಾಗಿ ಎರಡು ತಿಂಗಳಿಗೆ ನಮ್ಮ ಅಡುಗೆಯವರೊಬ್ಬರು ಹಿಂಜರಿಯುತ್ತಲೇ ಬಂದು, "ಮೇಡಂ, ಎಂಟನೇ ತರಗತಿಯ ಒಬ್ಬ ಹುಡುಗಿ ನಾಲ್ಕು ದಿನದಿಂದ ಊಟಕ್ಕೆ ಕೂರುತ್ತಿಲ್ಲ, ಗೋಡೆಗೆ ಒರಗಿ ನಿಂತೇ ತಿನ್ನುತ್ತಾಳೆ, ಇದನ್ನು ನಿಮಗೆ ಹೇಳಬೇಕೋ ಬೇಡವೋ ಗೊತ್ತಾಗಲಿಲ್ಲ" ಎಂದರು. ತರಗತಿ ಶಿಕ್ಷಕಿ ಮೆಲ್ಲಗೆ ಮಾತನಾಡಿಸಿದಾಗ, ಮನೆಯಲ್ಲಿ ಹೊಡೆದದ್ದರಿಂದ ತೊಡೆಯ ಹಿಂಭಾಗದಲ್ಲಿ ಬಾಸುಂಡೆಗಳು ಎದ್ದಿರುವುದು ತಿಳಿಯಿತು. ಅಂದೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆವು, ವಿಷಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಯಿತು, ಈಗ ಆ ಹುಡುಗಿ ಅಜ್ಜಿಯ ಮನೆಯಿಂದ ಶಾಲೆಗೆ ಬರುತ್ತಿದ್ದಾಳೆ. ಆದರೆ ಆ ನಾಲ್ಕು ದಿನಗಳನ್ನು ನನ್ನಿಂದ ಮರೆಯಲಾಗುತ್ತಿಲ್ಲ. ಮೊದಲು ಕಂಡವರು ಅಡುಗೆಯವರು, ಅವರಿಗೇ ನಾವು ಏನನ್ನೂ ಕಲಿಸಿರಲಿಲ್ಲ. ಅಂದಿನ ಉಪನ್ಯಾಸದ ಹೊತ್ತಿಗೆ ಅವರು ಪಾತ್ರೆ ತೊಳೆಯುತ್ತಿದ್ದರು.

ಅನುಮಾನ ಎಷ್ಟು ಗಟ್ಟಿಯಾಗಿದ್ದರೆ ವರದಿ ಮಾಡಬೇಕು? ಸಿಬ್ಬಂದಿ ನನಗೆ ತಿಳಿಸಿದರೆ ಅವರ ಕರ್ತವ್ಯ ಮುಗಿಯಿತೇ? ಓದು ಬರಹ ಕಡಿಮೆ ಇರುವವರಿಗೆ ಇದನ್ನೆಲ್ಲ ಹೇಗೆ ಹೇಳಿಕೊಡಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ವಕೀಲರು, ಮಕ್ಕಳ ಕಲ್ಯಾಣ ಸಮಿತಿಯ ಮಾಜಿ ಸದಸ್ಯರು

ಮೇಡಂ, ತಮ್ಮ ಎರಡನೇ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾನು ಕಂಡ ಹೆಚ್ಚಿನ ಶಾಲೆಗಳು ಎಡವಿರುವುದು ಅಲ್ಲಿಯೇ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಹೊರಿಸುವ ಹೊಣೆ "ಯಾವುದೇ ವ್ಯಕ್ತಿ"ಯ ಮೇಲಿದೆ. ಅದರಲ್ಲಿ ಶಿಕ್ಷಕ, ಅಡುಗೆಯವರು, ಚಾಲಕ ಎಂಬ ಭೇದವಿಲ್ಲ. ಮಾಹಿತಿ ತಲುಪಬೇಕಾದದ್ದು ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ. ಮುಖ್ಯ ಶಿಕ್ಷಕರಿಗೆ, ಆಡಳಿತ ಮಂಡಳಿಗೆ ಅಥವಾ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ತಿಳಿಸಿದರೆ ಶಾಲೆಯೊಳಗಿನ ಶಿಸ್ತನ್ನು ಪಾಲಿಸಿದಂತಾಯಿತೇ ಹೊರತು ಕಾನೂನಿನ ಹೊಣೆ ತೀರಿದಂತಾಗುವುದಿಲ್ಲ. ಆದ್ದರಿಂದ ತರಬೇತಿಯಲ್ಲಿ "ಮೊದಲು ಹೆಡ್ ಮೇಡಂಗೆ ಹೇಳಿ" ಎಂದಷ್ಟೇ ಹೇಳಿ ನಿಲ್ಲಿಸಬೇಡಿ. "ನಾನು ಅದೇ ದಿನ ಪೊಲೀಸರಿಗೆ ತಿಳಿಸದಿದ್ದರೆ ನೀವೇ ತಿಳಿಸಿ" ಎಂದು ತಾವೇ ಎಲ್ಲರ ಮುಂದೆ ಹೇಳಿ. ಆ ಮಾತು ತಮ್ಮ ಬಾಯಿಂದ ಬಂದರೆ ಮಾತ್ರ ಅವರಿಗೆ ಧೈರ್ಯ ಬರುತ್ತದೆ.

ಅನುಮಾನದ ಬಗ್ಗೆ ಹೇಳುವುದಾದರೆ, ಅಪರಾಧ ನಡೆದಿರುವುದು ತಿಳಿದಾಗ ಮಾತ್ರವಲ್ಲ, ನಡೆಯಬಹುದೆಂಬ ಆತಂಕವಿದ್ದಾಗಲೂ ಕಾನೂನು ಮಾಹಿತಿ ಕೊಡಲು ಹೇಳುತ್ತದೆ. ಸಾಕ್ಷ್ಯ ಹುಡುಕುವುದು ಪೊಲೀಸರ ಕೆಲಸ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲವೆಂದು ಅದೇ ಕಲಂನ 7ನೇ ಉಪಕಲಂ ಭರವಸೆ ಕೊಡುತ್ತದೆ. ಸಿಬ್ಬಂದಿಯ ಮುಖ್ಯ ಭಯವೇ ಇದಾಗಿರುವುದರಿಂದ ಇದನ್ನು ಎರಡು ಸಲ ಹೇಳಿದರೂ ತಪ್ಪಿಲ್ಲ. ವರದಿ ಮಾಡದವರಿಗೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ತನ್ನ ಕೈಕೆಳಗಿನ ನೌಕರನೇ ಮಾಡಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ವರದಿ ಮಾಡದಿದ್ದರೆ ಶಿಕ್ಷೆ ಒಂದು ವರ್ಷದವರೆಗೆ ಹೋಗುತ್ತದೆ, ಜೊತೆಗೆ ದಂಡವೂ ಇದೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಶಾಲಾ ಹಾಸ್ಟೆಲೊಂದರ ಬಾಲಕಿಯರ ಪ್ರಕರಣದಲ್ಲಿ, ವಿಷಯ ತಿಳಿದೂ ವರದಿ ಮಾಡಲಿಲ್ಲವೆಂಬ ಆರೋಪ ವೈದ್ಯರೊಬ್ಬರ ಮೇಲೆ ಬಂದಿತ್ತು. ಹೈಕೋರ್ಟ್ ಅವರ ಮೇಲಿನ ಪ್ರಕರಣವನ್ನು ರದ್ದುಪಡಿಸಿದ್ದರೂ, ತಿಳಿದೂ ವರದಿ ಮಾಡದಿರುವುದು ಗಂಭೀರ ಅಪರಾಧವೆಂದು ಹೇಳಿ ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಆ ಆದೇಶವನ್ನು ತಳ್ಳಿಹಾಕಿತು.

ತಾವು ಹೇಳಿದ ಹುಡುಗಿಯ ವಿಷಯ ಲೈಂಗಿಕ ದೌರ್ಜನ್ಯವಲ್ಲವಾದ್ದರಿಂದ ಅದು ಪೋಕ್ಸೋ ವ್ಯಾಪ್ತಿಗೆ ಬರುವುದಿಲ್ಲ. ಆದರೆ 2015ರ ಬಾಲನ್ಯಾಯ ಕಾಯ್ದೆಯಂತೆ, ಜೊತೆಯಲ್ಲಿರುವವರೇ ಗಾಯಗೊಳಿಸಿದ ಮಗು "ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು" ಆಗುತ್ತದೆ, ಮತ್ತು 75ನೇ ಕಲಂ ಮಗುವಿನ ಮೇಲಿನ ಕ್ರೌರ್ಯಕ್ಕೆ ಶಿಕ್ಷೆ ವಿಧಿಸುತ್ತದೆ. ತಾವು 1098ಕ್ಕೆ ಕರೆ ಮಾಡಿದ್ದು ಸರಿಯಾದ ದಾರಿಯೇ. ತರಬೇತಿಯೆಂದರೆ ಪೋಕ್ಸೋ ಮಾತ್ರ ಎಂದುಕೊಂಡ ಸಿಬ್ಬಂದಿಗೆ ಬಾಸುಂಡೆ, ಹಸಿವು, ಮನೆಯಲ್ಲಿ ಕೂಡಿಹಾಕುವುದು ಇವು ಯಾವುವೂ ವರದಿ ಮಾಡತಕ್ಕ ವಿಷಯಗಳಾಗಿ ಕಾಣುವುದೇ ಇಲ್ಲ.

ಇನ್ನೊಂದು ಮಾತು. ಬೋಧಕ, ಬೋಧಕೇತರ, ಖಾಯಂ, ಗುತ್ತಿಗೆ ಎನ್ನದೆ ಪ್ರತಿಯೊಬ್ಬರ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕು ಮತ್ತು ಅವರಿಗೆ ಮಕ್ಕಳ ರಕ್ಷಣೆಯ ತರಬೇತಿ ಕೊಡಿಸುತ್ತಿರಬೇಕು ಎಂದು 2020ರ ಪೋಕ್ಸೋ ನಿಯಮಗಳು ಶಾಲೆಗಳಿಗೆ ಹೇಳಿವೆ. ಆದ್ದರಿಂದ ಅಡುಗೆಯವರನ್ನು ಕೂರಿಸಲು ಆಡಳಿತ ಮಂಡಳಿ ಒಪ್ಪದಿದ್ದರೆ ಈ ನಿಯಮವನ್ನು ತೋರಿಸಿ.

ಉತ್ತರ 2: ಆಪ್ತ ಸಮಾಲೋಚಕಿ, ಮೈಸೂರು

ಕಾನೂನನ್ನು ವಕೀಲರು ಸ್ಪಷ್ಟವಾಗಿ ಹೇಳಿದ್ದಾರೆ. ನಾನು ಹನ್ನೊಂದು ವರ್ಷಗಳಿಂದ ಶಾಲೆಗಳಲ್ಲಿ ಇಂಥ ತರಬೇತಿ ನಡೆಸುತ್ತಿದ್ದೇನೆ. ನನ್ನ ಅನುಭವದಲ್ಲಿ ಉಪನ್ಯಾಸಕ್ಕಿಂತ ಆಡಿ ತೋರಿಸುವುದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಓದು ಬರಹ ಬಾರದವರು ಇದರಲ್ಲಿ ಹಿಂದೆ ಬಿದ್ದದ್ದನ್ನು ನಾನು ಕಂಡಿಲ್ಲ. ಇಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರು ಮಗುವಾಗಿ "ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ, ಆಗ ಹೇಳ್ತೀನಿ" ಎನ್ನಲಿ. ಹತ್ತರಲ್ಲಿ ಎಂಟು ಜನ ಪ್ರೀತಿಯಿಂದಲೇ ಆಣೆ ಮಾಡಿಬಿಡುತ್ತಾರೆ. ತರಬೇತಿ ಶುರುವಾಗಬೇಕಾದದ್ದು ಅಲ್ಲಿಂದ. "ಆಣೆ ಮಾಡಲಾರೆ ಕಂದಾ, ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳುತ್ತೇನೆ, ಊರಿಗೆಲ್ಲ ಹೇಳುವುದಿಲ್ಲ" ಎಂಬ ಮಾತು ಪ್ರತಿಯೊಬ್ಬರ ಬಾಯಿಗೂ ಸಲೀಸಾಗಿ ಬರುವವರೆಗೆ ಹೇಳಿಸಿ. ಜೊತೆಗೆ "ನೀನು ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ" ಎಂಬ ಮಾತನ್ನೂ ಹೇಳಿಸಿ. "ಯಾಕೆ ಮೊದಲೇ ಹೇಳಲಿಲ್ಲ?" ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಬಾರದು.

ಮಗು ಹೇಳುವಷ್ಟನ್ನು ಕೇಳಿಸಿಕೊಂಡರೆ ಸಾಕು. "ಅವನು ಹೀಗೆ ಮಾಡಿದನಾ, ಹಾಗೆ ಮಾಡಿದನಾ" ಎಂದು ಬಾಯಿಗೆ ಮಾತು ಹಾಕಿದರೆ ಮುಂದೆ ನ್ಯಾಯಾಲಯದಲ್ಲಿ ಅದೇ ಮಗುವಿಗೆ ತೊಂದರೆಯಾಗುತ್ತದೆ. ಕೇಳಿದ ಮಾತನ್ನು ಮಗುವಿನ ಆಡುಮಾತಿನಲ್ಲಿಯೇ, ತಿದ್ದದೆ, ದಿನಾಂಕ ಮತ್ತು ಹೊತ್ತಿನೊಂದಿಗೆ ಬರೆದಿಡಬೇಕು. ಬರೆಯಲು ಬಾರದವರಿದ್ದರೆ ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಲು ಒಬ್ಬ ಶಿಕ್ಷಕಿಯನ್ನು ಗೊತ್ತುಮಾಡಿ. ತರಗತಿ ಶಿಕ್ಷಕಿ, ಮುಖ್ಯ ಶಿಕ್ಷಕಿ, ಆಡಳಿತ ಮಂಡಳಿ ಎಂದು ಮಗುವಿನಿಂದ ಅದೇ ಕಥೆಯನ್ನು ಮೂರು ಸಲ ಹೇಳಿಸುವುದು ಇನ್ನೊಂದು ಹಿಂಸೆಯೇ.

ಲಕ್ಷಣಗಳ ಪಟ್ಟಿಯನ್ನು ಅತಿಯಾಗಿ ನೆಚ್ಚಬೇಡಿ. ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ, ಕೈಗೆ ಇದ್ದಕ್ಕಿದ್ದಂತೆ ಬಂದ ದುಡ್ಡು ಅಥವಾ ಮೊಬೈಲ್, ಶಾಲೆ ಬಿಟ್ಟ ಮೇಲೂ ಮನೆಗೆ ಹೊರಡದಿರುವುದು, ಒಬ್ಬರನ್ನು ಕಂಡರೆ ಮುದುಡಿಕೊಳ್ಳುವುದು ಇವೆಲ್ಲ ಸುಳಿವುಗಳು ನಿಜ. ಆದರೆ ಯಾವ ಲಕ್ಷಣವನ್ನೂ ತೋರದ ಮಕ್ಕಳು ಬಹಳ ಇದ್ದಾರೆ. "ಈ ಮಗು ಮೊದಲು ಹೀಗಿರಲಿಲ್ಲ" ಎಂಬ ಅರಿವೇ ದೊಡ್ಡ ಸುಳಿವು, ಮತ್ತು ಅದು ದಿನವೂ ತಟ್ಟೆಗೆ ಅನ್ನ ಬಡಿಸುವವರಿಗೆ ನಮಗಿಂತ ಚೆನ್ನಾಗಿ ಇರುತ್ತದೆ.

ಗಂಡುಮಕ್ಕಳ ವಿಷಯವನ್ನು ದಯವಿಟ್ಟು ಬಿಡಬೇಡಿ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದ ಅಧ್ಯಯನದಲ್ಲಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದೇವೆಂದು ಹೇಳಿದವರ ಪೈಕಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಹುಡುಗರೇ ಆಗಿದ್ದರು. ನಾನು ಈ ಅಂಕಿಯನ್ನು ಹೇಳಿದ ಪ್ರತಿಯೊಂದು ಶಾಲೆಯಲ್ಲೂ ಕೋಣೆ ಒಂದು ಕ್ಷಣ ಮೌನವಾಗುತ್ತದೆ.

ಉತ್ತರ 3: ನಿವೃತ್ತ ವಿದ್ಯಾರ್ಥಿನಿಲಯ ಮೇಲ್ವಿಚಾರಕರು

ವರದಿ ಮಾಡಿದ ಮರುದಿನ ಏನಾಗುತ್ತದೆ ಎಂಬುದನ್ನೂ ತರಬೇತಿಯಲ್ಲಿ ಸೇರಿಸಿ ಎಂದು ವಿನಂತಿಸುತ್ತೇನೆ. ನಾನು ಸೇವೆಯಲ್ಲಿದ್ದಾಗ ಒಬ್ಬ ಸಹೋದ್ಯೋಗಿಯ ವಿರುದ್ಧ ದೂರು ಕೊಟ್ಟೆ. ಸಂಜೆಯೊಳಗೆ ಊರಿನ ಹಿರಿಯರು ಬಂದು "ಹುಡುಗಿಯ ಮುಂದಿನ ಬಾಳು ನೋಡಿ, ನಾವೇ ಕೂತು ಬಗೆಹರಿಸೋಣ" ಎಂದರು. ಮಗುವಿಗೆ ಟಿಸಿ ಕೊಟ್ಟು ಕಳಿಸಿದರೆ ಎಲ್ಲರಿಗೂ ನೆಮ್ಮದಿ ಎಂದವರೂ ಇದ್ದರು. ಅಂದು ಅವರಿಗೆ ಕೊಡಬೇಕಾದ ಉತ್ತರವನ್ನು ನನಗೆ ಯಾರೂ ಕಲಿಸಿರಲಿಲ್ಲ. "ಇದು ರಾಜಿಯಾಗುವ ವಿಷಯವಲ್ಲ, ನನಗೆ ಅದರ ಅಧಿಕಾರವೂ ಇಲ್ಲ" ಎಂದು ಹೇಳಲು ನನಗೆ ರಾತ್ರಿಯೆಲ್ಲ ಬೇಕಾಯಿತು. ಆರೋಪಕ್ಕೆ ಒಳಗಾದವರನ್ನು ತಕ್ಷಣ ಮಕ್ಕಳಿಂದ ದೂರವಿಡಬೇಕು, ಶಾಲೆ ಬಿಡಬೇಕಾದದ್ದು ಮಗುವಲ್ಲ. ಪೊಲೀಸರು ಹೇಳಿಕೆ ಪಡೆಯಲು ಮಗುವಿನ ಮನೆಗೆ ಅಥವಾ ಅದು ಬಯಸಿದ ಜಾಗಕ್ಕೆ ಹೋಗಬೇಕು, ಸಮವಸ್ತ್ರದಲ್ಲಿ ಹೋಗಬಾರದು, ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳಬಾರದು ಎಂದು ಪೋಕ್ಸೋ ಕಾಯ್ದೆಯ 24ನೇ ಕಲಂನಲ್ಲಿದೆ. ಇದು ಗೊತ್ತಿದ್ದಿದ್ದರೆ ಅಂದು ನಾನು ಆ ಹುಡುಗಿಯ ತಾಯಿಗೆ ಅಷ್ಟಾದರೂ ಧೈರ್ಯ ಹೇಳುತ್ತಿದ್ದೆ.

ಪ್ರಶ್ನೆ ಕೇಳಿದವರಿಂದ

ತಮಗೆಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ನಮ್ಮ ಅಡುಗೆಯವರಿಗೆ ಮಧ್ಯಾಹ್ನ ಎರಡೂವರೆಯ ನಂತರವೇ ಬಿಡುವು ಸಿಗುವುದರಿಂದ ತರಬೇತಿಯನ್ನು ಆ ಹೊತ್ತಿಗೇ ಇಡುತ್ತಿದ್ದೇನೆ. ವ್ಯಾನ್ ಚಾಲಕರು ನಾಲ್ಕೂವರೆಗೆ ಹೊರಡಬೇಕು, ಆದ್ದರಿಂದ ಎರಡು ಮಧ್ಯಾಹ್ನಗಳಿಗೆ ಹಂಚಿದ್ದೇನೆ. ಮೊದಲ ದಿನ ಸಮಾಲೋಚಕರು ಹೇಳಿದಂತೆ ಆಡಿ ತೋರಿಸುವುದು, ಎರಡನೇ ದಿನ ಕಾನೂನು ಮತ್ತು ಮರುದಿನದ ಪ್ರಶ್ನೆಗಳು. ಆರಂಭದಲ್ಲಿ ಮಾತನಾಡಲು ಆ ಅಡುಗೆಯವರನ್ನೇ ಕೇಳಿಕೊಂಡೆ. ಹುಡುಗಿಯ ಹೆಸರಾಗಲಿ ಗುರುತಾಗಲಿ ಹೇಳದೆ, ತಾವು ಏನು ಕಂಡೆವು, ಏಕೆ ನಾಲ್ಕು ದಿನ ಸುಮ್ಮನಿದ್ದೆವು ಎಂಬುದನ್ನು ಹೇಳಲು ಅವರು ಒಪ್ಪಿದ್ದಾರೆ.