ಅಪ್‌ಡೇಟ್: ಲ್ಯಾಟಿನೋ ಕುಟುಂಬಗಳ ಕ್ಲಿನಿಕ್‌ಗೆ ಕೊನೆಗೂ ಜನ ಬಂದರು

ಶಿಕಾಗೋದ ಪಿಲ್ಸನ್ ಬಡಾವಣೆಯಲ್ಲಿ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಕುಟುಂಬಗಳಿಗಾಗಿ ನಾವು ತೆರೆದ ಮಾನಸಿಕ ಆರೋಗ್ಯ ಕ್ಲಿನಿಕ್‌ಗೆ ಯಾರೂ ಬರುತ್ತಿಲ್ಲ, ಏನು ಮಾಡಲಿ ಅಂತ ಹೋದ ತಿಂಗಳು ಕೇಳಿದ್ದೆ. ಸ್ಪ್ಯಾನಿಷ್ ಕರಪತ್ರ ಹಂಚಿದ್ದರಿಂದ ಏನೂ ಆಗಲಿಲ್ಲ. ಕೈಹಿಡಿದದ್ದು 'ಪ್ರೊಮೊತೋರಾ'ಗಳನ್ನು ಸೇರಿಸಿಕೊಳ್ಳಿ ಅಂದವರ ಸಲಹೆ. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ, ಅದೇ ಬೀದಿಯ ಹೆಂಗಸರು. ಅವರು ಮನೆಮನೆಗೆ ಹೋಗಿ 'ಡಿಪ್ರೆಷನ್ ಇದೆಯಾ' ಅಂತ ಕೇಳಲಿಲ್ಲ, 'ನೆರ್ವಿಯೋಸ್ ಕಾಡ್ತಿದೆಯಾ' ಅಂತ ಕೇಳಿದರು. ಮನಸ್ಸಿನ ಕಳವಳ, ತಳಮಳಕ್ಕೆ ಅವರ ಮನೆಮಾತಿನಲ್ಲಿರುವ ಪದ ಅದು. ಮಾರನೇ ದಿನವೇ ಒಬ್ಬ ಅಜ್ಜಿ ಮಗಳು, ಅಳಿಯ, ಮೊಮ್ಮಕ್ಕಳ ಸಮೇತ ಬಂದರು. ಎರಡೇ ಕುರ್ಚಿ ಹಾಕಿದ್ದೆವು, ಪಕ್ಕದ ಕೋಣೆಯಿಂದ ಇನ್ನೂ ಮೂರು ತಂದೆವು.

ನನಗೆ ಗೊತ್ತೇ ಇರದ ಸಂಗತಿ: 'ಅತಾಕೆ ದೆ ನೆರ್ವಿಯೋಸ್' (ಸಂಕಟ ತಡೆಯಲಾರದೆ ಇದ್ದಕ್ಕಿದ್ದಂತೆ ಕಿರುಚುವುದು, ಅಳುವುದು, ನಡುಗುವುದು) ಅನ್ನುವುದು ಅಮೆರಿಕದ ಮನೋವೈದ್ಯರ ಸಂಘದ ಮಾನಸಿಕ ಕಾಯಿಲೆಗಳ ಕೈಪಿಡಿಯಾದ 2013ರ ಡಿಎಸ್‌ಎಂ-5ರಲ್ಲೇ ಇದೆ.

ಮಕ್ಕಳ ಕೈಲಿ ಅನುವಾದ ಮಾಡಿಸಬೇಡಿ ಅಂದವರಿಗೆ ಮನಸಾರೆ ಥ್ಯಾಂಕ್ಸ್. ಅಮ್ಮನ ಸಂಕಟವನ್ನು ಹತ್ತು ವರ್ಷದ ಹುಡುಗ ನಮಗೆ ಹೇಳಬೇಕಾಗುವುದು ತಪ್ಪಿತು.