ಮೂಡಿಗೆರೆ ಮನೆ ಗುಂಪಿನಲ್ಲಿ ಸಿರಿಂಜ್ ಜಗಳ

ದೊಡ್ಡಪ್ಪ (ಫಾರ್ವರ್ಡ್): ಎಚ್ಚರ! ಆಸ್ಪತ್ರೆಯ ಸಿರಿಂಜುಗಳಿಗೆ ಗಾಮಾ ವಿಕಿರಣ ಹಾಯಿಸುತ್ತಾರೆ. ಚುಚ್ಚಿದಾಗ ವಿಕಿರಣವೂ ಮೈಗೆ ಸೇರುತ್ತದೆ. ಎಲ್ಲರಿಗೂ ಕಳಿಸಿ.

ಅತ್ತೆ: ಅಯ್ಯೋ ರಾಮ! ನಾಳೆ ಶುಗರ್ ಟೆಸ್ಟಿಗೆ ರಕ್ತ ಕೊಡಬೇಕಲ್ಲ.

ನಾನು: ಧೈರ್ಯವಾಗಿ ಹೋಗಿ ಅತ್ತೆ. ಗಾಮಾ ಹಾಯಿಸುವುದು ನಿಜ, ಕ್ರಿಮಿ ಸಾಯಲಿ ಅಂತ. ಸಾಮಾನ್ಯವಾಗಿ 25 ಕಿಲೋಗ್ರೇ (ವಸ್ತು ಹೀರುವ ವಿಕಿರಣದ ಅಳತೆ). ಆದರೆ ಆ ಗಾಮಾ ಸಾಮಾನ್ಯವಾಗಿ ಬರುವುದು ಕೋಬಾಲ್ಟ್-60ರಿಂದ, ಅದರ ಕಿರಣಗಳ ಶಕ್ತಿ 1.17 ಮತ್ತು 1.33 ಎಂಇವಿ (ಕಿರಣದ ಶಕ್ತಿಯ ಅಳತೆ) ಅಷ್ಟೇ. ಪ್ಲಾಸ್ಟಿಕ್ ತಾನೇ ವಿಕಿರಣ ಸೂಸಬೇಕಾದರೆ ಅದರ ಪರಮಾಣುವಿನ ನ್ಯೂಕ್ಲಿಯಸ್ಸೇ ಬದಲಾಗಬೇಕು; ಅದರ ಕಾರ್ಬನ್ನಿನಿಂದ ಒಂದು ನ್ಯೂಟ್ರಾನ್ ಕೀಳಲು 18 ಎಂಇವಿಗಿಂತ ಜಾಸ್ತಿ ಬೇಕು. ಸಿರಿಂಜ್ ವಿಕಿರಣ ಸೂಸುವುದೇ ಇಲ್ಲ.

ಭಾವ: ಎಕ್ಸ್‌ರೇ ತೆಗೆಸಿಕೊಂಡು ಬಂದ ಮೇಲೆ ನಾನೇನು ಕತ್ತಲಲ್ಲಿ ಹೊಳೆಯುತ್ತಿದ್ದೇನಾ ಮಾವ? 😄

ದೊಡ್ಡಪ್ಪ: ತಮಾಷೆ ಬೇಡ. ದನದ ಡಾಕ್ಟರ್ ಬಿಟ್ಟುಹೋದ ಸಿರಿಂಜ್ ಕೊಟ್ಟಿಗೆ ಕಿಟಕಿಯಲ್ಲಿದೆ. ಹಳದಿಯಾಗಿದೆ, ಒತ್ತಿದರೆ ಸೀಳುತ್ತದೆ. ಯಾಕೆ?

ನಾನು: ಏನೂ ಆಗುವುದಿಲ್ಲ ಅಂತ ನಾನೆಲ್ಲಿ ಹೇಳಿದೆ? ಅದು ಪಾಲಿಪ್ರೊಪಿಲೀನ್. ಗಾಮಾ ಬಿದ್ದರೆ ಉದ್ದನೆಯ ಸರಪಳಿಗಳು ತುಂಡಾಗಿ ಪೆಡಸಾಗುತ್ತದೆ. ಹಳದಿ ಬಣ್ಣ ಬಹುಮಟ್ಟಿಗೆ ಅದು ಕೆಡದಂತೆ ಬೆರೆಸಿದ ಫಿನಾಲ್ ಜಾತಿಯ ಆಂಟಿಆಕ್ಸಿಡೆಂಟಿನದು. ಪಾಲಿಥೀನ್ ಉಲ್ಟಾ. ಅದರ ಸರಪಳಿಗಳು ಹೆಚ್ಚಾಗಿ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಎರಡನ್ನೂ ಬೆರೆಸಿದ ಬ್ಲೆಂಡಿನಲ್ಲಿ ಯಾವುದು ಗೆಲ್ಲುತ್ತದೆ? ನನ್ನ ಎಂಎಸ್ಸಿ ಪ್ರಾಜೆಕ್ಟ್ ಇದೇ. ಇನ್‌ಫ್ರಾರೆಡ್ ಸ್ಪೆಕ್ಟ್ರಮ್ ತೆಗೆದರೆ ವೇವ್‌ನಂಬರ್ 1715ರ ಹತ್ತಿರ ಕಾರ್ಬೊನಿಲ್ (ಕಾರ್ಬನ್-ಆಮ್ಲಜನಕ ಜೋಡಿ) ಗೆರೆ ಏಳುತ್ತದೆ. ಆಮ್ಲಜನಕ ಸೇರಿಕೊಂಡಿತು ಅಂತ. ಗಾಮಾ ನಿಲ್ಲಿಸಿದ ಮೇಲೂ ಅದು ತಿಂಗಳುಗಟ್ಟಲೆ ಬೆಳೆಯಬಹುದು, ಒಳಗೆ ಮುರಿದ ಸರಪಳಿ ತುಂಡುಗಳು, ಅಂದರೆ ಫ್ರೀ ರ್ಯಾಡಿಕಲ್‌ಗಳು ಸಿಕ್ಕಿಕೊಂಡಿರುತ್ತವೆ.

ದೊಡ್ಡಪ್ಪ: ಸಿಕ್ಕಿಬಿದ್ದೆ ಪುಟ್ಟಿ! ಒಳಗೆ ಏನೋ ಉಳಿಯುತ್ತದೆ ಅಂತ ನೀನೇ ಹೇಳಿದೆ.

ನಾನು: ಉಳಿಯುವುದು ಜೋಡಿ ತಪ್ಪಿದ ಎಲೆಕ್ಟ್ರಾನ್ ದೊಡ್ಡಪ್ಪ, ವಿಕಿರಣ ಅಲ್ಲ. ಅಂಥ ಎಲೆಕ್ಟ್ರಾನ್ ಪತ್ತೆಮಾಡುವ ಇಎಸ್ಆರ್ ಯಂತ್ರಕ್ಕೆ ಅದು ಕಾಣುತ್ತದೆ. ವಿಕಿರಣ ಅಳೆಯುವ ಗೈಗರ್ ಕೌಂಟರ್ ಹಿಡಿದು ನೋಡಿ, ಮಾಮೂಲಿಗಿಂತ ಒಂದು ಚೂರೂ ಜಾಸ್ತಿ ತೋರಿಸುವುದಿಲ್ಲ.

ಅತ್ತೆ: ನನ್ನ ರಕ್ತದ ವಿಷಯ ಹೇಳೇ.

ನಾನು: ಕೊಡಿ ಅತ್ತೆ. ಪ್ಯಾಕೆಟ್ ಹರಿದಿಲ್ಲ, ತಾರೀಕು ಮೀರಿಲ್ಲ ಅಂತ ನೋಡಿಕೊಳ್ಳಿ ಸಾಕು. ದೊಡ್ಡಪ್ಪ, ಕಿಟಕಿಯಲ್ಲಿದ್ದ ಸಿರಿಂಜಿಗೆ ಬಿಸಿಲಿನ ಪೆಟ್ಟೂ ಬಿದ್ದಿರುತ್ತದೆ, ಅಲ್ವಾ?

ದೊಡ್ಡಪ್ಪ: ಹಾಗಾದರೆ ಕಾಫಿ ಕಣದ ಟಾರ್ಪಲ್ ಪುಡಿಯಾಗಿದ್ದೂ ಬಿಸಿಲಿಗೇನಾ? ಅಂಗಡಿಯವನಿಗೆ ಸುಮ್ನೆ ಬೈದುಬಂದೆ.

ನಾನು: ಹೌದು, ಅತಿನೇರಳೆ ಕಿರಣ. ಅಲ್ಲೂ ಕಾರ್ಬೊನಿಲ್ ಗೆರೆಯೇ ಏಳುತ್ತದೆ. ಮುಂದಿನ ಸಲ ಯುವಿ ಸ್ಟೆಬಿಲೈಸರ್ ಇರುವುದನ್ನು ಕೇಳಿ ತನ್ನಿ. ತೋಟದ ಕರಿ ಪೈಪ್ ಬಿಸಿಲಲ್ಲೂ ಬಾಳುವುದು ಅದರೊಳಗಿನ ಮಸಿಯಂಥ ಕಾರ್ಬನ್ ಬ್ಲ್ಯಾಕ್‌ನಿಂದ. ಈಗ ಆ ಫಾರ್ವರ್ಡ್ ಅಳಿಸುತ್ತೀರಾ?

ದೊಡ್ಡಪ್ಪ: ಇಲ್ಲಿ ಅಳಿಸಬಹುದು. ಬೆಳಗ್ಗೆನೇ ಬೆಳೆಗಾರರ ಗುಂಪಿಗೂ ಹಾಕಿಬಿಟ್ಟಿದ್ದೇನಲ್ಲ.

ಭಾವ: ಅಲ್ಲಿಂದ ನಮ್ಮ ಆಫೀಸ್ ಗುಂಪಿಗೂ ಬಂದಾಯಿತು ಮಾವ.