ಘನತೆಯಿಂದ ಸಾಯುವ ಹಕ್ಕು ಮೊದಲೋ, ನೋವಿಗೆ ಮದ್ದು ಮೊದಲೋ?

ಪ್ರಶ್ನೆ: ಘಟ್ಟದ ಮೇಲಿನವ

2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಘನತೆಯಿಂದ ಸಾಯುವ ಹಕ್ಕಿನ ಕುರಿತು ಆದೇಶ ಹೊರಡಿಸಿದಾಗ, ಇನ್ನು ಮುಂದೆ ಗುಣವಾಗದ ರೋಗಿಗೆ ವೈದ್ಯರೇ ಚುಚ್ಚುಮದ್ದು ಕೊಟ್ಟು ಬಿಡುಗಡೆ ಮಾಡಬಹುದು ಎಂದು ನಮ್ಮೂರಿನ ಹಲವರು ತಿಳಿದರು. ಅದೇ ವರ್ಷದ ಜೂನ್ 20ರಂದು ಬ್ರಿಟನ್ನಿನ ಕೆಳಮನೆ ವೈದ್ಯರ ನೆರವಿನ ಸಾವಿನ ಮಸೂದೆಯನ್ನು 314–291 ಮತಗಳಿಂದ ಅಂಗೀಕರಿಸಿದ ಮೇಲೆ, ನಮ್ಮಲ್ಲೂ ಅಂಥ ಕಾನೂನು ಬರಲಿ ಎನ್ನುವವರು ಹೆಚ್ಚಿದ್ದಾರೆ.

ನನಗೆ ತಾತ್ವಿಕ ವಿರೋಧವಿಲ್ಲ. ಆದರೆ ಗಂಟಲಿನ ಕ್ಯಾನ್ಸರಿನಿಂದ ತೀರಿಕೊಂಡ ನನ್ನ ಸೋದರಮಾವ ಕೊನೆಯ ದಿನಗಳಲ್ಲಿ "ನನ್ನನ್ನು ಕಳಿಸಿಬಿಡ್ರೋ" ಎಂದು ಬೇಡುತ್ತಿದ್ದರು; ತಾಲ್ಲೂಕಿನಲ್ಲೆಲ್ಲೂ ಸಿಗದ, ತೀವ್ರ ನೋವು ತಗ್ಗಿಸುವ ಮಾರ್ಫಿನ್ ಗುಳಿಗೆಯನ್ನು ನಾಲ್ಕು ತಾಸು ಬಸ್ಸಿನಲ್ಲಿ ಹೋಗಿ ತಂದ ಮೇಲೆ ಆ ಮಾತು ನಿಂತಿತು, ಮೊಮ್ಮಗಳ ಜೊತೆ ಕೂತು ಚೌಕಾಬಾರವನ್ನೂ ಆಡಿದರು. ಅವರು ಬೇಡಿದ್ದು ಸಾವನ್ನೋ, ಮದ್ದನ್ನೋ? ಮದ್ದು ಸಿಗದ ಊರಿನಲ್ಲಿ ಸಾವನ್ನು ಆಯ್ಕೆ ಎಂದು ಕರೆಯಬಹುದೇ?

ಉತ್ತರ 1: ಕರಿಕೋಟು

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ರಾಜ್ಯದ ಆದೇಶ ಹೊಸ ಹಕ್ಕನ್ನೇನೂ ಸೃಷ್ಟಿಸಿಲ್ಲ; ಸುಪ್ರೀಂ ಕೋರ್ಟ್ ಈಗಾಗಲೇ ಹೇಳಿದ್ದನ್ನು ಜಾರಿಗೆ ತರುವ ವ್ಯವಸ್ಥೆ ಮಾಡಿದೆ, ಅಷ್ಟೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ್ 1973ರ ಹಲ್ಲೆಯ ಬಳಿಕ ದಶಕಗಳ ಕಾಲ ಹಾಸಿಗೆಯಲ್ಲೇ ಉಳಿದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 2011ರಲ್ಲಿ ಆಕೆಯ ಪರವಾಗಿ ಬಂದ ದಯಾಮರಣದ ಅರ್ಜಿಯನ್ನು ತಳ್ಳಿಹಾಕಿದರೂ, ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಲು ದಾರಿ ತೆರೆಯಿತು. 2018ರಲ್ಲಿ ಸಂವಿಧಾನ ಪೀಠ ಅದನ್ನು ಜೀವಿಸುವ ಹಕ್ಕಿನ 21ನೇ ವಿಧಿಯಡಿ ತಂದು ಲಿವಿಂಗ್ ವಿಲ್‌ಗೆ (ಮುಂದೆ ಹೇಳಲಾಗದ ಸ್ಥಿತಿ ಬಂದರೆ ಇಂಥ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಪತ್ರಕ್ಕೆ) ಮಾನ್ಯತೆ ಕೊಟ್ಟಿತು; 2023ರಲ್ಲಿ ವಿಧಾನವನ್ನು ಸಡಿಲಿಸಿತು. ಈಗ ಆಸ್ಪತ್ರೆಯ ಮೂವರು ವೈದ್ಯರ ಮಂಡಳಿ, ಅದರ ಮೇಲೆ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದವರೊಬ್ಬರಿರುವ ಮತ್ತೊಂದು ಮಂಡಳಿ, ಎರಡೂ ಒಪ್ಪಬೇಕು. ಚುಚ್ಚುಮದ್ದು ಕೊಟ್ಟು ಸಾಯಿಸುವುದು ಇಂದಿಗೂ ಅಪರಾಧವೇ.

ಹಾಗಾಗಿ ನಿಮ್ಮ ಮಾವನವರ ಪ್ರಸಂಗಕ್ಕೂ ಈ ಆದೇಶಕ್ಕೂ ಸಂಬಂಧವಿಲ್ಲ. ವೆಂಟಿಲೇಟರೇ ಇಲ್ಲದ ಕಡೆ ತೆಗೆಯುವುದಾದರೂ ಏನನ್ನು?

ಉತ್ತರ 2: ನಿವೃತ್ತ ದಾದಿ

ಕರಿಕೋಟು ಅವರ ಕಾನೂನು ಸರಿ, ಆದರೆ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ವಾರ್ಡಿನಲ್ಲಿ ಕಳೆದ ವರ್ಷಗಳಲ್ಲಿ ನಾನು ಎಷ್ಟೋ ಸಲ ಕಂಡದ್ದು ಬೇರೆಯೇ: ದುಡ್ಡು ಮುಗಿದ ಮನೆಯವರು "ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ರೋಗಿಯನ್ನು ಕರೆದೊಯ್ಯುತ್ತಿದ್ದೇವೆ" ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಆಂಬುಲೆನ್ಸಿನಲ್ಲಿ ಆಮ್ಲಜನಕ ಇದ್ದಷ್ಟು ದೂರ ರೋಗಿಯ ಕೈ ಹಿಡಿದು ಕೂರುತ್ತಾರೆ. ಚಿಕಿತ್ಸೆ ನಿಲ್ಲಿಸುವ ಈ ತೀರ್ಮಾನಕ್ಕೆ ಮಂಡಳಿಯೂ ಇಲ್ಲ, ಸಾಕ್ಷಿಯೂ ಇಲ್ಲ. ರೋಗಿಯನ್ನು ಕೇಳಿದವರೂ ಇಲ್ಲ. ಬಡವರಿಗೆ ಇದು ಯಾವ ನ್ಯಾಯಾಲಯವೂ ಕೊಡದೆಯೇ ಬಂದಿರುವ ವ್ಯವಸ್ಥೆ.

ಆಯುಷ್ಮಾನ್ ಕಾರ್ಡ್ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ವೆಚ್ಚ ಭರಿಸುತ್ತದೆ, ಒಳ್ಳೆಯದೇ. ಆದರೆ "ಇನ್ನೇನೂ ಮಾಡುವುದಕ್ಕಿಲ್ಲ, ಮನೆಗೆ ಕರೆದುಕೊಂಡು ಹೋಗಿ" ಎಂದ ಮೇಲೆ ಹುಣ್ಣು ತೊಳೆಯುವುದಕ್ಕೆ ಯಾರು ಬರುತ್ತಾರೆ? ಕೇರಳದಲ್ಲಿ 2008ರ ನೀತಿಯಿಂದಾಗಿ ಪಂಚಾಯಿತಿಯ ದಾದಿ ಮನೆಬಾಗಿಲಿಗೆ ಬರುತ್ತಾಳೆ. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ಇದೆ, ಆದರೆ ಅದು ಬೆಂಗಳೂರು.

ಇನ್ನು ಮಾರ್ಫಿನ್. ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಅದರ ಮೂಲವಾದ ಅಫೀಮು ಬೆಳೆಯುವ ದೇಶ ನಮ್ಮದು. 1985ರ ಮಾದಕವಸ್ತು ಕಾಯ್ದೆಯ ಭಯದಿಂದ ಔಷಧ ಅಂಗಡಿಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿ ಪರವಾನಗಿಯ ಗೋಜನ್ನು ಕಡಿಮೆ ಮಾಡಿದರೂ ಬರೆಯುವ ವೈದ್ಯರ ಕೈ ಈಗಲೂ ಅಳುಕುತ್ತದೆ.

ಉತ್ತರ 3: ಟೊರೊಂಟೊ ಕನ್ನಡಿಗ

ಇಲ್ಲಿಯದನ್ನೂ ಹೇಳುತ್ತೇನೆ. ಕೆನಡಾದಲ್ಲಿ 2016ರಿಂದ ವೈದ್ಯರ ನೆರವಿನ ಸಾವಿನ ಕಾನೂನಿದೆ. 2023ರಲ್ಲಿ 15,343 ಮಂದಿ, ಅಂದರೆ ಒಟ್ಟು ಸಾವುಗಳಲ್ಲಿ ಶೇ 4.7ರಷ್ಟು, ಹೀಗೆ ತೀರಿಕೊಂಡರು. ಬಡತನವೇ ಎಲ್ಲರನ್ನೂ ಅತ್ತ ದೂಡಿತು ಎನ್ನುವುದು ಸರಿಯಲ್ಲ, ಏಕೆಂದರೆ ಅವರಲ್ಲಿ ಬಹುಪಾಲು ಮಂದಿ ಸಾವು ಸಮೀಪಿಸಿದವರು, ಉಪಶಾಮಕ ಆರೈಕೆ (ರೋಗ ಗುಣವಾಗದಿದ್ದರೂ ನೋವು ತಗ್ಗಿಸುವ ಆರೈಕೆ) ಪಡೆದವರು. ವಿವಾದ ಕಾವೇರಿದ್ದು 2021ರಲ್ಲಿ, ಸಾವು ಸಮೀಪದಲ್ಲಿಲ್ಲದವರಿಗೂ ಅವಕಾಶ ಕೊಟ್ಟಾಗ: ಮನೆ, ಸಹಾಯಕರು, ಚಿಕಿತ್ಸೆ ಕೊಡಲು ತಡಮಾಡುವ ಸರ್ಕಾರ ಸಾವನ್ನು ಮಾತ್ರ ಬೇಗ ಕೊಡುತ್ತಿದೆ ಎಂದು ಅಂಗವಿಕಲರ ಸಂಘಟನೆಗಳು ಆಕ್ಷೇಪಿಸಿದವು. ಕ್ವಿಬೆಕ್ ಪ್ರಾಂತ್ಯದ 2014ರ ಕಾಯ್ದೆ ಉಪಶಾಮಕ ಆರೈಕೆಯ ಹಕ್ಕನ್ನೂ ನೆರವಿನ ಸಾವನ್ನೂ ಒಂದೇ ಕಡೆ ಬರೆಯಿತು. ನಮ್ಮಲ್ಲಿ ಕರಡು ಬರೆಯುವವರು ಅದನ್ನು ನೋಡಲಿ.

ಘಟ್ಟದ ಮೇಲಿನವ

ದಾದಿಯಮ್ಮನವರು ಹೇಳಿದ ಕಾಗದಕ್ಕೆ ನಾವೂ ಸಹಿ ಹಾಕಿದ್ದೆವು. ಅದನ್ನು ಈ ಚರ್ಚೆಯ ಭಾಗವೆಂದು ಯೋಚಿಸಿಯೇ ಇರಲಿಲ್ಲ. ಕರಿಕೋಟು ಅವರೇ, ಲಿವಿಂಗ್ ವಿಲ್ ಬರೆಯಲು ಕೋರ್ಟಿಗೆ ಅಲೆಯಬೇಕೇ?

ಕರಿಕೋಟು

ಬೇಡ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಒಂದು ಪ್ರತಿಯನ್ನು ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಇನ್ನೊಂದನ್ನು ನಿಮ್ಮ ವೈದ್ಯರ ಬಳಿ ಇಡಿ.